ಪುಲಿ ಹೋಗಿ ಹುಲಿ ಬಂದದ್ದು ಹೇಗೆ? ಭಾಷೆಯ ವಿಕಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಊರಿಗೆ ಐದು ಹೆಸರು. ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಳಾಪುರಂ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಐದೂ ಭಾಷೆ ಕಿವಿಗೆ ಬೀಳುತ್ತವೆ. ಇಂಥ ಕಡೆ ಬೆಳೆದವರಿಗೆ ಭಾಷೆಯ ಬಗ್ಗೆ ಪ್ರಶ್ನೆ ಹುಟ್ಟದೆ ಇರುವುದಿಲ್ಲ. ಕಾಲೇಜು ಮಕ್ಕಳು, ನೆಂಟರು, ಬಸ್ಸಿನಲ್ಲಿ ಪಕ್ಕದ ಸೀಟಿನವರು ನನ್ನನ್ನು ಕೇಳಿದ ಪ್ರಶ್ನೆಗಳು ಇವು. ನನಗೆ ತಿಳಿದ ಮಟ್ಟಿಗೆ ಉತ್ತರ ಬರೆದಿದ್ದೇನೆ.

ಭಾಷೆ ಪ್ರಾಣಿಯೂ ಅಲ್ಲ, ಗಿಡವೂ ಅಲ್ಲ. ಮತ್ತೆ ಅದಕ್ಕೆ ವಿಕಾಸ ಎಂಥದ್ದು?

ನಿಸರ್ಗದ ಆಯ್ಕೆ ನಡೆಯಬೇಕಾದರೆ ಮೂರು ಸಂಗತಿ ಇದ್ದರೆ ಸಾಕು. ಒಂದೇ ಜಾತಿಯೊಳಗೆ ಸಣ್ಣ ಸಣ್ಣ ವ್ಯತ್ಯಾಸ ಇರಬೇಕು. ಆ ವ್ಯತ್ಯಾಸ ಮುಂದಿನ ತಲೆಮಾರಿಗೆ ದಾಟಬೇಕು. ಮತ್ತೆ ಎಲ್ಲವೂ ಒಂದೇ ಸಮ ಉಳಿಯಬಾರದು, ಕೆಲವು ಹೆಚ್ಚಾಗಿ ಕೆಲವು ಕಡಿಮೆಯಾಗುತ್ತಾ ಬರಬೇಕು.

ಮಾತಿನಲ್ಲಿ ಈ ಮೂರೂ ಇವೆ. ಬೆಂಗಳೂರಿನವರು "ಹೋಗೋಣ" ಅನ್ನುತ್ತಾರೆ. ಮಂಗಳೂರಿನಲ್ಲಿ ನಾವು "ಹೋಗುವ" ಅನ್ನುತ್ತೇವೆ. ಕುಂದಾಪುರದ ಕಡೆ "ಹೋಪ". ಅರ್ಥ ಒಂದೇ, ರೂಪ ಮೂರು. ಮಗು ಇದರಲ್ಲಿ ತನ್ನ ಸುತ್ತ ಜಾಸ್ತಿ ಕೇಳಿಸಿದ್ದನ್ನು ಕಲಿಯುತ್ತದೆ. ಕೇಳಿಸದೇ ಇದ್ದದ್ದು ಆ ಮಗುವಿನ ಬಾಯಿಗೆ ಬರುವುದೇ ಇಲ್ಲ. ಒಂದು ಪದಕ್ಕೆ ಜೀವ ಅಂತ ಇದ್ದರೆ ಅದು ಇಷ್ಟೇ: ಒಬ್ಬರ ಬಾಯಿಯಿಂದ ಹೊರಟು ಇನ್ನೊಬ್ಬರ ಬಾಯಿಗೆ ಬರಬೇಕು.

ಈ ಹೋಲಿಕೆಯನ್ನು ಮೊದಲು ಮಾಡಿದ್ದು ಡಾರ್ವಿನ್ನೇ?

ಅವರಿಗಿಂತ ಮೊದಲೇ ಭಾಷೆಯವರು ಅದರ ಹತ್ತಿರ ಬಂದಿದ್ದರು. 1786ರಲ್ಲಿ ಕಲ್ಕತ್ತದಲ್ಲಿ ವಿಲಿಯಂ ಜೋನ್ಸ್ ಅವರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಅಂದರು. 1816ರಲ್ಲಿ ಮದ್ರಾಸಿನ ಎಲ್ಲಿಸ್ ಅವರು ನಮ್ಮ ತೆಂಕಣ ಭಾಷೆಗಳದ್ದು ಬೇರೆಯದೇ ಕುಟುಂಬ ಎಂದು ತೋರಿಸಿದರು. 1856ರಲ್ಲಿ ಕಾಲ್ಡ್‌ವೆಲ್ ಅವರು ಅದನ್ನೇ ವಿಸ್ತಾರವಾಗಿ ಬರೆದರು. ಡಾರ್ವಿನ್ನರ ಮುಖ್ಯ ಪುಸ್ತಕ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1859ರಲ್ಲಿ. ಅಂದರೆ ಒಂದು ತಾಯಿ, ಹಲವು ಮಕ್ಕಳು ಎಂಬ ವಂಶವೃಕ್ಷದ ಯೋಚನೆ ಭಾಷೆಯವರಿಗೆ ಮೊದಲೇ ಇತ್ತು. 1863ರಲ್ಲಿ ಜರ್ಮನಿಯ ಶ್ಲೈಖರ್ ಎರಡನ್ನೂ ಜೋಡಿಸಿ ಬರೆದರು. 1871ರಲ್ಲಿ ಡಾರ್ವಿನ್ ತಾವೇ ಹೇಳಿದರು: ಬದುಕುವ ಪೈಪೋಟಿಯಲ್ಲಿ ಕೆಲವು ಪದಗಳು ಉಳಿದುಕೊಳ್ಳುವುದೂ ನಿಸರ್ಗದ ಆಯ್ಕೆಯೇ ಎಂದು.

ತುಳುವಿನಲ್ಲಿ ಪಿಲಿ, ಕನ್ನಡದಲ್ಲಿ ಹುಲಿ. ಯಾವುದು ಸರಿ?

ಎರಡೂ ಸರಿ. ಆದರೆ ಈ ಪ್ರಶ್ನೆಯಲ್ಲಿ ಒಂದು ದೊಡ್ಡ ಕಥೆ ಇದೆ, ಸ್ವಲ್ಪ ನಿಧಾನವಾಗಿ ನೋಡುವ.

ಪಕ್ಕಪಕ್ಕ ಇಟ್ಟು ಓದಿ. ಕನ್ನಡದ ಹಕ್ಕಿ ತುಳುವಿನಲ್ಲಿ ಪಕ್ಕಿ. ಹತ್ತು, ಪತ್ತ್. ಹೂವು, ಪೂ. ಹೆಣ್ಣು, ಪೊಣ್ಣು. ಹೊಸ, ಪೊಸ. ಹುಳಿ, ಪುಳಿ. ಹಂದಿ, ಪಂಜಿ. ಹೋಗು, ಪೋ. ಕನ್ನಡದಲ್ಲಿ ಹಕಾರ ಇದ್ದಲ್ಲಿ ತುಳುವಿನಲ್ಲಿ ಪಕಾರ. ಒಂದೆರಡು ಪದದಲ್ಲಿ ಹೀಗಾದರೆ ಕಾಕತಾಳೀಯ ಅನ್ನಬಹುದಿತ್ತು. ಸಾಲುಸಾಲಾಗಿ ಹೀಗೇ ಬಂದರೆ ಅದರ ಹಿಂದೆ ಒಂದು ನಿಯಮ ಇರಲೇಬೇಕು.

ಹಳಗನ್ನಡ ತೆಗೆದು ನೋಡಿದರೆ ಗುಟ್ಟು ತಿಳಿಯುತ್ತದೆ. 10ನೇ ಶತಮಾನದ ಪಂಪನ ಕನ್ನಡದಲ್ಲಿ ಪುಲಿ, ಪೂ, ಪಾಲ್ ಎಂದೇ ಇತ್ತು. ಆ ಹೊತ್ತಿನಿಂದ ನಿಧಾನಕ್ಕೆ ಪಕಾರ ಸಡಿಲ ಆಗುತ್ತಾ ಬಂತು. ನೀವೇ ಬಾಯಿಯಲ್ಲಿ ಹೇಳಿ ನೋಡಿ. "ಪ" ಅನ್ನಲು ಎರಡು ತುಟಿ ಪೂರ್ತಿ ಮುಚ್ಚಿ ತೆರೆಯಬೇಕು. "ಹ" ಅನ್ನಲು ಉಸಿರು ಬಿಟ್ಟರೆ ಸಾಕು. ತುಟಿ ಸರಿಯಾಗಿ ಮುಚ್ಚದೆ ಹೇಳಿದ ಪಕಾರ ಕಿವಿಗೆ ಹಕಾರದ ಹತ್ತಿರ ಕೇಳಿಸುತ್ತದೆ. ಅಪ್ಪ ಅರ್ಧ ಮುಚ್ಚಿ ಹೇಳಿದ್ದನ್ನು ಮಗ ಇನ್ನೂ ಸ್ವಲ್ಪ ಸಡಿಲ ಮಾಡಿ ಕಲಿತ. 15ನೇ ಶತಮಾನದ ಕುಮಾರವ್ಯಾಸನ ಹೊತ್ತಿಗೆ ಹಕಾರವೇ ಮಾಮೂಲಿ ಆಗಿತ್ತು. ಪಂಪಾ ಎಂಬ ಹೆಸರು ಹಂಪೆ ಆದದ್ದೂ ಹೀಗೆಯೇ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ.

ಈ ಅಲೆ ತುಳುವನ್ನು ಮುಟ್ಟಲಿಲ್ಲ. ಅದಕ್ಕೇ ಪಿಲಿಕುಳಕ್ಕೆ ಹೋಗುವಾಗ ನಾವು ಹಳೆಯ ಪಕಾರವನ್ನೇ ಉಚ್ಚರಿಸುತ್ತಾ ಹೋಗುತ್ತೇವೆ. ಪಿಲಿ ಅಂದರೆ ಹುಲಿ, ಪಿಲಿಕುಳ ಅಂದರೆ ಹುಲಿಗಳು ನೀರು ಕುಡಿಯುವ ಕೊಳ. ತಮಿಳು, ಮಲಯಾಳ, ತೆಲುಗುಗಳೂ ಪಕಾರವನ್ನು ಉಳಿಸಿಕೊಂಡಿವೆ. ಇತ್ತ ಮೈಸೂರು ಕಡೆಯ ಆಡುಮಾತಿನಲ್ಲಿ ಹಕಾರವೂ ಉದುರಿ "ಆಲು", "ಉಲಿ" ಎಂದು ಕೇಳಿಸುತ್ತದೆ. ತುಟಿ ಮುಚ್ಚಿದ ಸದ್ದು ಉಸಿರಾಯಿತು, ಉಸಿರೂ ಹೋಯಿತು. ಅದನ್ನು ಕೇಳಿ ನಗುವವರು ನೆನಪಿಡಬೇಕು, ಹುಲಿ ಅನ್ನುವ ನಾವೂ ಅದೇ ದಾರಿಯಲ್ಲಿ ಅರ್ಧ ಬಂದವರು.

ಹಾಗಾದರೆ ತುಳು ಕನ್ನಡಕ್ಕಿಂತ ಹಳೆಯದು, ಅಲ್ವಾ?

ಅಲ್ಲ. ಕನ್ನಡದಿಂದ ಹುಟ್ಟಿದ್ದೂ ಅಲ್ಲ. ಎರಡೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಅಜ್ಜಿಯ ಮೂಗು ಒಬ್ಬಳಿಗೆ ಬಂದಿರುತ್ತದೆ, ಕಣ್ಣು ಇನ್ನೊಬ್ಬಳಿಗೆ. ಹಾಗಂತ ಮೂಗು ಬಂದವಳು ವಯಸ್ಸಿನಲ್ಲಿ ದೊಡ್ಡವಳಾಗುವುದಿಲ್ಲ. ತುಳು ಪಕಾರವನ್ನು ಉಳಿಸಿಕೊಂಡಿದೆ, ಆದರೆ ಬೇರೆ ಕಡೆ ತಾನೂ ಬದಲಾಗಿದೆ. ತಮಿಳಿನ ವಿರಲ್ ಕನ್ನಡದಲ್ಲಿ ಬೆರಳು, ತುಳುವಿನಲ್ಲಿ ಬೆರೆಲ್. ಇಲ್ಲಿ ವಕಾರ ಬಕಾರವಾದ ಅಲೆ ಎರಡೂ ಭಾಷೆಯ ಮೇಲೆ ಹಾದು ಹೋಗಿದೆ.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜೀವಶಾಸ್ತ್ರದವರು ವಂಶವೃಕ್ಷ ಕಟ್ಟುವ ಲೆಕ್ಕಾಚಾರವನ್ನೇ ಬಳಸಿ, ದ್ರಾವಿಡ ಕುಟುಂಬಕ್ಕೆ ಸುಮಾರು 4,500 ವರ್ಷ ಆಗಿರಬೇಕು ಎಂದು ಅಂದಾಜು ಮಾಡಿತು. ಆ ವಯಸ್ಸು ಮನೆಯ ಎಲ್ಲ ಮಕ್ಕಳಿಗೂ ಸೇರಿದ್ದು.

ಆಯ್ಕೆ ಆಗುತ್ತದೆ ಅಂತೀರಿ. ಆಯ್ಕೆ ಮಾಡುವುದು ಯಾರು?

ಬಹಳಷ್ಟು ಮಟ್ಟಿಗೆ ಮಕ್ಕಳು. ನನ್ನ ಅಕ್ಕನ ಮಗಳು ಮೂರು ವರ್ಷದವಳಿದ್ದಾಗ ಒಂದು ದಿನ ಜಗಲಿಯಿಂದ ಓಡಿ ಬಂದು "ಮಾಮಾ, ಬಾಲ್ ಬಾವಿಗೆ ಬೀಳಿತು" ಅಂದಳು. ಅಕ್ಕ "ಬೀಳಿತು ಅಲ್ಲ, ಬಿತ್ತು" ಎಂದು ತಿದ್ದಿದಳು. ಮರುದಿನ "ನಾನು ಅಜ್ಜಿಗೆ ಕೊಡಿದೆ" ಎಂದು ಹೇಳುತ್ತಿದ್ದಳು. ಅವಳ ಸುತ್ತ ಯಾರೂ ಹಾಗೆ ಮಾತಾಡುವುದಿಲ್ಲ. ಅಂದರೆ ಅವಳು ಕೇಳಿ ಕಲಿತದ್ದಲ್ಲ, ತಾನೇ ಕಟ್ಟಿದ್ದು. ಓಡು, ಓಡಿತು. ಹಾಡು, ಹಾಡಿತು. ಹಾಗಾದರೆ ಬೀಳು, ಬೀಳಿತು! ಮೂರು ವರ್ಷದ ಮಗುವಿನ ತಲೆ ಯಾರೂ ಹೇಳಿಕೊಡದ ನಿಯಮವನ್ನು ಹುಡುಕಿಕೊಂಡಿದೆ. ನನಗೆ ಆ ಹೊತ್ತು ಆದ ಖುಷಿ ಇವತ್ತಿಗೂ ಮಾಸಿಲ್ಲ.

ಹಾಗಾದರೆ ನಾವೆಲ್ಲ ಯಾಕೆ ಇನ್ನೂ "ಬಿತ್ತು" ಅನ್ನುತ್ತೇವೆ? ಆ ಪದ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಬಂದ, ತಂದ, ಕೊಟ್ಟ, ಬಿದ್ದ, ಎದ್ದ, ಸತ್ತ. ಇವೆಲ್ಲ ನಿಯಮಕ್ಕೆ ಸಿಗದ ರೂಪಗಳು. ಆದರೂ ಬಳಕೆ ಜಾಸ್ತಿ ಇರುವುದರಿಂದ ಗಟ್ಟಿಯಾಗಿ ನಿಂತಿವೆ. ಕಡಿಮೆ ಬಳಸುವ "ಹೂಳು" ನೋಡಿ. "ಹೂತರು" ಅನ್ನುವವರೂ ಇದ್ದಾರೆ, "ಹೂಳಿದರು" ಅನ್ನುವವರೂ ಇದ್ದಾರೆ. ಅಪರೂಪಕ್ಕೆ ಕೇಳುವ ರೂಪ ನೆನಪಿನಲ್ಲಿ ನಿಲ್ಲುವುದಿಲ್ಲ, ನಿಯಮ ಬಂದು ಆ ಜಾಗದಲ್ಲಿ ಕೂರುತ್ತದೆ.

ಇಂಗ್ಲಿಷಿನಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. ಹಳೆಯ ಇಂಗ್ಲಿಷಿನ ನಿಯಮ ತಪ್ಪಿದ 177 ಕ್ರಿಯಾಪದಗಳನ್ನು ಹಿಡಿದು 2007ರಲ್ಲಿ ಒಂದು ತಂಡ ಅಧ್ಯಯನ ಮಾಡಿತು. ನಡುಗಾಲದ ಇಂಗ್ಲಿಷಿಗೆ ಬರುವಾಗ 145 ಹಾಗೆಯೇ ಉಳಿದಿದ್ದವು. ಇವತ್ತಿಗೆ ಉಳಿದದ್ದು 98. ನೂರು ಪಟ್ಟು ಕಡಿಮೆ ಬಳಸುವ ಕ್ರಿಯಾಪದ ಹತ್ತು ಪಟ್ಟು ಬೇಗ ನಿಯಮಕ್ಕೆ ಬಂದುಬಿಡುತ್ತದೆ ಎಂದು ಅವರ ಲೆಕ್ಕ ತೋರಿಸಿತು.

ಇದನ್ನು ಪ್ರಯೋಗ ಮಾಡಿ ಕಣ್ಣೆದುರು ನೋಡಬಹುದಾ?

ನೋಡಿದ್ದಾರೆ. ಎಡಿನ್‌ಬರೋದ ಸೈಮನ್ ಕರ್ಬಿ ಮತ್ತು ಜೊತೆಯವರು 2008ರಲ್ಲಿ ಒಂದು ಚಂದದ ಪ್ರಯೋಗ ಪ್ರಕಟಿಸಿದರು. ಚಲಿಸುವ ಬಣ್ಣದ ಆಕಾರಗಳಿಗೆ ಸುಮ್ನೆ ಅರ್ಥವಿಲ್ಲದ ಹೆಸರು ಕೊಟ್ಟು ಒಬ್ಬರಿಗೆ ಕಲಿಸಿದರು. ಅವರು ನೆನಪಿನಿಂದ ಹೇಳಿದ್ದನ್ನು, ತಪ್ಪು ಸಮೇತ, ಮುಂದಿನವರಿಗೆ ಪಾಠವಾಗಿ ಕೊಟ್ಟರು. ಹೀಗೆ ಹತ್ತು "ತಲೆಮಾರು". ಭಾಷೆಯನ್ನು ಸುಧಾರಿಸಿ ಎಂದು ಯಾರಿಗೂ ಹೇಳಿರಲಿಲ್ಲ. ಆದರೂ ಕೊನೆಗೆ ಬರುವಾಗ ಕಲಿಯುವುದು ಸುಲಭವಾಗಿತ್ತು. ಒಂದು ಸುತ್ತಿನ ಪ್ರಯೋಗದಲ್ಲಂತೂ ಪದದ ಒಂದು ಭಾಗ ಬಣ್ಣವನ್ನು, ಇನ್ನೊಂದು ಆಕಾರವನ್ನು, ಮತ್ತೊಂದು ಚಲನೆಯನ್ನು ಹೇಳುವಂತೆ ವ್ಯಾಕರಣವೇ ಮೂಡಿತ್ತು. ನೆನಪಿಡಲು ಆಗದ್ದು ಉದುರಿತು, ಆಗುವುದು ಉಳಿಯಿತು.

ಒಂದು ಪದ ತನ್ನ ಜಾಗ ಕಳೆದುಕೊಳ್ಳುವುದು ಅಂದರೆ ಏನು?

ನಮ್ಮ ಅಡುಗೆಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಅತ್ತಿಗೆ ಮೈಸೂರು ಕಡೆಯವರು. ಮದುವೆಯಾಗಿ ಬಂದ ಹೊಸತರಲ್ಲಿ ಅಮ್ಮ ಅವರಿಗೆ "ಸಾರಿಗೆ ಸ್ವಲ್ಪ ಮೆಣಸು ಹುರಿದಿಡು" ಎಂದು ಹೇಳಿ ತೋಟಕ್ಕೆ ಹೋದರು. ವಾಪಸ್ ಬಂದು ನೋಡಿದರೆ ಬಾಣಲೆಯಲ್ಲಿ ಕಪ್ಪು ಕಾಳು ಘಮಘಮ ಅನ್ನುತ್ತಿದೆ. ಅಮ್ಮ ಕೇಳಿದ್ದು ಒಣಗಿದ ಕೆಂಪು ಮೆಣಸು. ಅತ್ತಿಗೆಯ ಊರಿನಲ್ಲಿ ಮೆಣಸು ಅಂದರೆ ಕಪ್ಪು ಕಾಳೇ, ಕೆಂಪಗಿರುವುದು ಮೆಣಸಿನಕಾಯಿ. ಇಬ್ಬರೂ ಅಚ್ಚ ಕನ್ನಡವನ್ನೇ ಆಡಿದ್ದರು.

ಇದರ ಬೇರು ಐದು ನೂರು ವರ್ಷ ಹಿಂದಿನದು. ಮೆಣಸು ಎಂಬ ಪದ ಮೊದಲಿಗೆ ಪೂರ್ತಿ ಕಪ್ಪು ಕಾಳಿನದ್ದು. ಈ ಕರಾವಳಿ ಬದುಕಿದ್ದೇ ಅದರ ವ್ಯಾಪಾರದಲ್ಲಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಯ ಕಡೆ ಬಂದಿಳಿದರು. ಅವರ ಹಡಗುಗಳ ಹಿಂದೆ ಅಮೆರಿಕದ ಗಿಡವೊಂದು ನಮ್ಮ ಹಿತ್ತಲಿಗೆ ಬಂತು. ಅದೂ ಖಾರ. ಬೇಗ ಬೆಳೆಯುತ್ತದೆ, ಅಗ್ಗ, ಯಾರ ಅಂಗಳದಲ್ಲೂ ಆಗುತ್ತದೆ. ಹೊಸ ಕಾಯಿಗೆ ಹೊಸ ಹೆಸರು ಹುಡುಕುವ ಬದಲು ಜನ ಹಳೆಯ ಹೆಸರನ್ನೇ ಹಚ್ಚಿದರು.

ಕರಾವಳಿಯಲ್ಲಿ ಹೊಸಬ ಮನೆಯನ್ನೇ ಹಿಡಿದುಕೊಂಡ. ಬರೀ "ಮೆಣಸು" ಅಂದರೆ ಕೆಂಪು ಮೆಣಸು ಎಂದಾಯಿತು. ಹಳೆಯ ಯಜಮಾನನಿಗೆ ಬೇರೆ ಗುರುತು ಬೇಕಾಯಿತು, ಅದಕ್ಕೆ "ಒಳ್ಳೆಮೆಣಸು" ಎಂದರು. ತುಳುವಿನಲ್ಲಿ "ಎಡ್ಡೆಮುಂಚಿ". ಎಡ್ಡೆ ಅಂದರೆ ಒಳ್ಳೆಯದು. ಮಲಯಾಳದಲ್ಲೂ "ನಲ್ಲಮುಳಗ್", ಅದೇ ಅರ್ಥ. ಮೂರು ಭಾಷೆ ಒಂದೇ ತೊಂದರೆಗೆ ಒಂದೇ ಉಪಾಯ ಕಂಡುಕೊಂಡವು. ಘಟ್ಟದ ಮೇಲೆ ಕಾಳು ತನ್ನ ಹೆಸರನ್ನು ಕಾಪಾಡಿಕೊಂಡಿತು, ಕಾಯಿಗೆ ಬಾಲ ಅಂಟಿತು. ಅತ್ತಿಗೆ ಈಗ ಎರಡನ್ನೂ ಆಡುತ್ತಾರೆ. ಅಮ್ಮನ ಹತ್ತಿರ ಒಳ್ಳೆಮೆಣಸು, ತವರಿಗೆ ಫೋನ್ ಮಾಡಿದಾಗ ಮೆಣಸು.

ಗಲಾಪಗೋಸ್ ದ್ವೀಪದ ಹಕ್ಕಿಗಳ ಹಾಗೆ ದೂರವಾಗಿ ಬೇರೆಯಾದ ಭಾಷೆ ನಮ್ಮಲ್ಲಿ ಇದೆಯಾ?

ಇದೆ, ಮಂಗಳೂರಿನ ಕೊಂಕಣಿ. 16ನೇ ಶತಮಾನದಿಂದ ಗೋವಾ ಬಿಟ್ಟು ತೆಂಕಕ್ಕೆ ಬಂದವರು ತಮ್ಮ ಮಾತನ್ನು ತಂದರು. ಅಲ್ಲಿ ಉಳಿದ ಕೊಂಕಣಿ ಪೋರ್ಚುಗೀಸ್ ಮತ್ತು ಮರಾಠಿಯ ಪಕ್ಕದಲ್ಲಿ ಬೆಳೆಯಿತು. ಇಲ್ಲಿಗೆ ಬಂದದ್ದು ತುಳು ಮತ್ತು ಕನ್ನಡದ ನಡುವೆ ಬೆಳೆಯಿತು, ಕನ್ನಡ ಲಿಪಿಯನ್ನೇ ತನ್ನದಾಗಿಸಿಕೊಂಡಿತು. ಒಂದೇ ಊರಿನಲ್ಲಿದ್ದರೂ ಗೌಡ ಸಾರಸ್ವತರ ಕೊಂಕಣಿಯೂ ಕ್ರೈಸ್ತರ ಕೊಂಕಣಿಯೂ ಒಂದೇ ಥರ ಇಲ್ಲ. ಭಾಷೆ ಬೇರೆಯಾಗಲು ಸಮುದ್ರವೇ ಅಡ್ಡ ಇರಬೇಕಾಗಿಲ್ಲ. ಯಾರ ಮನೆಯ ಜಗಲಿಯಲ್ಲಿ ಯಾರು ಕೂರುತ್ತಾರೆ ಎಂಬುದೇ ಸಾಕು.

ಗೆದ್ದ ಪದಕ್ಕೆಲ್ಲ ಏನಾದರೂ ಹೆಚ್ಚುಗಾರಿಕೆ ಇರುತ್ತದಾ?

ಇರಲೇಬೇಕು ಅಂತ ಇಲ್ಲ. ಕೆಲವು ಸುಮ್ನೆ ಅದೃಷ್ಟದಿಂದ ಗೆಲ್ಲುತ್ತವೆ. 2017ರಲ್ಲಿ ಬಂದ ಒಂದು ಅಧ್ಯಯನ ಇಂಗ್ಲಿಷಿನ ಹಳೆಯ ಬರಹಗಳನ್ನು ಜರಡಿ ಹಿಡಿದು, ಕೆಲವು ಬದಲಾವಣೆಗಳ ಹಿಂದೆ ಆಯ್ಕೆಯ ಒತ್ತಡ ಕಾಣುತ್ತದೆ, ಇನ್ನು ಕೆಲವು ಬರೀ ಆಕಸ್ಮಿಕದ ತೇಲಾಟ ಎಂದು ತೋರಿಸಿತು. ಜೀವಶಾಸ್ತ್ರದಲ್ಲೂ ಹೀಗೆಯೇ ಇದೆ.

"ಎಂತ ಮಾರಾಯ", "ಉಂಟು" ಎಲ್ಲ ಯಾಕೆ ಅಳಿಯದೆ ಉಳಿದಿವೆ? ಟಿವಿಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲವಲ್ಲ?

ನಮ್ಮವರು ಯಾರು ಎಂದು ತಿಳಿಯುವುದೂ ಮಾತಿನ ಒಂದು ಕೆಲಸ. ದೂರದ ಊರಿನ ರೈಲಿನಲ್ಲಿ ಯಾರೋ "ಸೀಟು ಉಂಟಾ?" ಅಂದರೆ ನಮ್ಮ ಕತ್ತು ತಾನಾಗಿ ಆ ಕಡೆ ತಿರುಗುತ್ತದೆ. ತುಳುವಿನ "ಉಂಡು" ಪಕ್ಕದಲ್ಲೇ ಇರುವುದರಿಂದ "ಉಂಟು" ಎಂಬುದಕ್ಕೆ ಇಲ್ಲಿ ಬಲ ಜಾಸ್ತಿ. ಮಹಾರಾಯ ಸವೆದು ಮಾರಾಯ ಆಯಿತು, ಮಾರಾಯ್ರೆ ಇನ್ನೂ ಸವೆದು ಮಾರ್ರೆ ಆಯಿತು. ಜಾಸ್ತಿ ಓಡಾಡುವ ಪದ ಹೀಗೆ ಚಿಕ್ಕದಾಗುತ್ತಾ ಬರುತ್ತದೆ.

ಅಮೆರಿಕದ ಮಾರ್ಥಾಸ್ ವಿನ್ಯರ್ಡ್ ಎಂಬ ದ್ವೀಪದಲ್ಲಿ ವಿಲಿಯಂ ಲಬಾವ್ ಇಂಥದ್ದನ್ನೇ ಕಂಡರು. ಬೇಸಿಗೆಯಲ್ಲಿ ಪ್ರವಾಸಿಗರು ತುಂಬಿಕೊಳ್ಳುವ ಊರು ಅದು. ದ್ವೀಪ ತಮ್ಮದು ಎಂಬ ಅಭಿಮಾನ ಗಟ್ಟಿಯಾಗಿದ್ದವರ ಬಾಯಲ್ಲಿ ಕೆಲವು ಸ್ವರಗಳ ಸ್ಥಳೀಯ ಉಚ್ಚಾರ ಹೆಚ್ಚಾಗಿತ್ತು. ಬಿಟ್ಟು ಹೋಗಬೇಕು ಅಂದುಕೊಂಡವರಲ್ಲಿ ಅದು ಕಡಿಮೆ. 1963ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಈ ಹೋಲಿಕೆ ಎಲ್ಲಿ ತಪ್ಪುತ್ತದೆ?

ಮುಖ್ಯವಾಗಿ ಎರಡು ಕಡೆ. ಹುಲಿ ಆನೆಯಿಂದ ಸೊಂಡಿಲು ಸಾಲ ತರಲು ಆಗುವುದಿಲ್ಲ. ಭಾಷೆಗೆ ಅದು ದಿನನಿತ್ಯದ ಕೆಲಸ. ಅನಾನಸು, ಪಗಾರ, ಚಾವಿ, ಇಸ್ತ್ರಿ ಎಲ್ಲ ಪೋರ್ಚುಗೀಸಿನಿಂದ ಬಂದು ನಮ್ಮವೇ ಆಗಿವೆ. ಅದಕ್ಕೇ 1872ರಲ್ಲಿ ಯೋಹಾನೆಸ್ ಶ್ಮಿಟ್ ಎಂಬ ವಿದ್ವಾಂಸರು ಭಾಷೆಗೆ ಮರದ ಚಿತ್ರ ಮಾತ್ರ ಸಾಲದು, ಕೊಳಕ್ಕೆ ಕಲ್ಲು ಹಾಕಿದಾಗ ಹರಡುವ ಅಲೆಯ ಚಿತ್ರವೂ ಬೇಕು ಅಂದರು. ಇನ್ನೊಂದು, ಮನುಷ್ಯ ಬೇಕೆಂದೇ ಬದಲಾಯಿಸಬಲ್ಲ. 2014ರ ನವೆಂಬರ್ 1ರಂದು ಸರಕಾರದ ಕಾಗದದಲ್ಲಿ ಮ್ಯಾಂಗಲೋರ್ ಹೋಗಿ ಮಂಗಳೂರು ಬಂತು. ಚಿರತೆ ತನ್ನ ಚುಕ್ಕಿಯನ್ನು ಹಾಗೆ ಬದಲಾಯಿಸಲು ಆಗುವುದಿಲ್ಲ.

ಹಳೆಯ ರೂಪಗಳು ಹೇಗಿದ್ದವು ಎಂದು ತಿಳಿಯುವುದು ಎಲ್ಲಿ?

ಪಳೆಯುಳಿಕೆಗೆ ಬಂಡೆ ಹೇಗೋ, ಪದಗಳಿಗೆ ಶಾಸನ ಮತ್ತು ನಿಘಂಟು ಹಾಗೆ. ಮಂಗಳೂರಿನ ಬಾಸೆಲ್ ಮಿಶನ್ನಿಂದ 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟು ಬಂದವು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟದ ತುಳು ನಿಘಂಟು ತಂದಿದೆ. ಒಮ್ಮೆಯಾದರೂ ಕೈಯಲ್ಲಿ ಹಿಡಿದು ಪುಟ ತಿರುವಿ ನೋಡಿ.

ಸಾಯುವ ಭಾಷೆ ದುರ್ಬಲ ಭಾಷೆ ಎಂದ ಹಾಗಾಯಿತಲ್ಲ?

ಖಂಡಿತ ಅಲ್ಲ. ಈ ತಪ್ಪು ತಿಳುವಳಿಕೆ ನನಗೆ ಬಹಳ ನೋವು ಕೊಡುತ್ತದೆ.

ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲೇ ಕೊರಗ ಎಂಬ ಬುಡಕಟ್ಟಿನವರ ಕೊರಗ ಭಾಷೆ ಇದೆ. 1971ರಲ್ಲಿ ಡಿ. ಎನ್. ಶಂಕರ ಭಟ್ ಅವರು ಅದರ ಬಗ್ಗೆ ಪುಸ್ತಕ ಬರೆದರು. ಅದಕ್ಕೂ ತನ್ನದೇ ಧ್ವನಿ, ತನ್ನದೇ ವ್ಯಾಕರಣ ಇದೆ, ಯಾವ ಭಾಷೆಗೂ ಕಡಿಮೆ ಇಲ್ಲ. ಆದರೆ ಅದನ್ನು ಆಡುವವರನ್ನು ಊರು ಹೇಗೆ ನಡೆಸಿಕೊಂಡಿತು? ಕೊರಗರನ್ನು ಮನುಷ್ಯರಿಗಿಂತ ಕೀಳಾಗಿ ಕಾಣುವ ಅಜಲು ಎಂಬ ಹೀನ ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾನೂನೇ ಬೇಕಾಯಿತು. ತನ್ನ ಮಾತು ಕೇಳಿದರೆ ಎದುರಿನವರು ದೂರ ಸರಿಯುತ್ತಾರೆ ಎಂದಾದರೆ ಯಾವ ತಾಯಿ ಅದನ್ನು ಮಗುವಿಗೆ ಕಲಿಸುತ್ತಾಳೆ? ಕೊರಗರಲ್ಲಿ ಬಹಳ ಜನ ಈಗ ತುಳು ಆಡುತ್ತಾರೆ. ಇಲ್ಲಿ ಸೋತದ್ದು ಭಾಷೆ ಅಲ್ಲ. ಅದರ ಸುತ್ತಲಿನ ಹವೆಯನ್ನು ನಾವು ಕೆಡಿಸಿದ್ದೇವೆ.

ಯುನೆಸ್ಕೋದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಕೊರಗದ ಜೊತೆ ತುಳುವಿನ ಹೆಸರೂ ಇದೆ. 2011ರ ಜನಗಣತಿಯ ಪ್ರಕಾರ ತುಳು ಆಡುವವರು 18 ಲಕ್ಷಕ್ಕಿಂತ ಜಾಸ್ತಿ. ಅಷ್ಟು ಜನ ಇದ್ದೂ ಪಟ್ಟಿಗೆ ಸೇರುವುದು ಯಾಕೆ? ಒಂದು ಭಾಷೆಯ ಆಯುಷ್ಯ ತಲೆ ಎಣಿಸಿದರೆ ಮಾತ್ರ ತಿಳಿಯುವುದಿಲ್ಲ. ಅಜ್ಜಿ ತುಳುವಿನಲ್ಲಿ ಕೇಳಿದ್ದಕ್ಕೆ ಮೊಮ್ಮಗ ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾನೆ ಎಂಬುದನ್ನೂ ನೋಡಬೇಕು.

ಇಂಗ್ಲಿಷ್ ಸೇರಿ ಕನ್ನಡ ಕೆಡುತ್ತಿದೆಯಾ?

ಪದ ಬಂದರೆ ಕೆಡುವುದಿಲ್ಲ. "ಡೌನ್‌ಲೋಡ್ ಮಾಡಿದೆ" ಎಂಬಲ್ಲಿ ವ್ಯಾಕರಣ ಪೂರ್ತಿ ಕನ್ನಡದ್ದೇ. ನನಗೆ ಹೆದರಿಕೆ ಇರುವುದು ಬೇರೆ ಕಡೆ. ಮನೆಯಲ್ಲಿ ಅಪ್ಪ ಅಮ್ಮ ಒಬ್ಬರಿಗೊಬ್ಬರು ತುಳುವಿನಲ್ಲೋ ಕನ್ನಡದಲ್ಲೋ ಮಾತಾಡಿ, ಮಗುವಿನ ಕಡೆ ತಿರುಗಿದ ಕೂಡಲೇ ಇಂಗ್ಲಿಷ್ ಶುರು ಮಾಡುತ್ತಾರಲ್ಲ, ಅಲ್ಲಿ.

ಬೊಂಡ ಗೆಲ್ಲುತ್ತದಾ, ಎಳನೀರು ಗೆಲ್ಲುತ್ತದಾ?

ಉಡುಪಿಯಿಂದ ಮಂಗಳೂರಿಗೆ ಬರುವ ಹೈವೇ ಬದಿಯಲ್ಲಿ ನಾನು ಯಾವಾಗಲೂ ನಿಲ್ಲುವ ಒಂದು ಗಾಡಿ ಇದೆ. ಬೋರ್ಡಿನಲ್ಲಿ "ಸೀಯಾಳ" ಎಂದು ಬರೆದಿದೆ. ನಾನು ಬೈಕ್ ನಿಲ್ಲಿಸಿದರೆ ಅವರು "ಬೊಂಡವಾ?" ಎಂದು ಕೇಳುತ್ತಾರೆ. ಬೆಂಗಳೂರಿನ ಕಾರು ನಿಂತರೆ "ಎಳನೀರು ಬೇಕಾ ಸಾರ್?" ಅನ್ನುತ್ತಾರೆ. ಒಂದೇ ಕತ್ತಿ, ಒಂದೇ ಗೊನೆ, ಮೂರು ಹೆಸರು. ಕಾರುಗಳು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗುತ್ತಿವೆ, ಆದ್ದರಿಂದ ಎಳನೀರು ಎಂಬ ಪದ ಅವರ ಬಾಯಲ್ಲಿ ಹೆಚ್ಚು ಸಲ ಬರುತ್ತಿದೆ. ಕಳೆದ ರಜೆಯಲ್ಲಿ ಅವರ ಮಗ ಗಾಡಿಯ ಹಿಂದೆ ಕೂತಿದ್ದ, ಎರಡನೇ ಕ್ಲಾಸಿನವನಿರಬೇಕು. ಇಡೀ ಹೊತ್ತು ಅಪ್ಪ ಗಿರಾಕಿಗಳ ಹತ್ತಿರ ಎಳನೀರು ಎಳನೀರು ಎಂದು ಹೇಳುವುದನ್ನು ಕೇಳುತ್ತಲೇ ಇದ್ದ. ಗದ್ದಲ ಕಡಿಮೆಯಾದ ಮೇಲೆ ಬಾಯಾರಿಕೆ ಆಯಿತೋ ಏನೋ, ಮೆಲ್ಲಗೆ ಅಪ್ಪನ ಅಂಗಿ ಎಳೆದು "ಅಪ್ಪಾ, ನನಗೊಂದು ಬೊಂಡ" ಅಂದ.